ಕಣಜದ ಬಾಗಿಲಲ್ಲಿ ಯೋಸೇಫ

ನಮ್ಮ ಕಾಲೇಜಿನಲ್ಲಿ ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ಪರೀಕ್ಷೆಗೆ ಮುಂಚೆ ಅಧ್ಯಾಪಕರಲ್ಲೊಬ್ಬರು ‘ಬಾಳಿಗೆ ಬೇಕಾಗುವ ನಾಲ್ಕು ಮಾತು’ ಹೇಳುವ ವಾಡಿಕೆಯುಂಟು. ಈ ವರ್ಷ ಆ ಪಾಳಿ ನನ್ನದಾಯಿತು. ಕನ್ನಡ ಮೇಷ್ಟ್ರಾದವನಿಗೆ ಮಾತಿಗೇನು ಬರ ಎಂಬುದು ನನ್ನ ಸಹೋದ್ಯೋಗಿಗಳ ಎಣಿಕೆ. ಅವರಲ್ಲೊಬ್ಬರು ಒಂದು ಕಿರುಪುಸ್ತಿಕೆಯನ್ನು ಮೇಜಿನ ಮೇಲಿಟ್ಟು, “ಎಲ್ಲಾ ಇದರಾಗ ಐತ್ರಿ, ಓದಿಕೊಂಡು ಹೇಳಿಬಿಡ್ರಿ” ಎಂದರು. ಬೈಬಲ್ಲಿನ ಯೋಸೇಫನ ಕಥೆಯಿಂದ ನಿತ್ಯವ್ಯವಹಾರಕ್ಕೆ ಒದಗುವ ಪಾಠಗಳನ್ನು ಆಯ್ದುಕೊಟ್ಟ ಪುಸ್ತಿಕೆ ಅದು. ಭಾನುವಾರ ಊರಿಗೆ, ಎಂದರೆ ದರೋಜಿಗೆ, ಹೋದಾಗ ಅದನ್ನು ಜೊತೆಗೊಯ್ದು ಕೆರೆಯ ಏರಿಯ ಮೇಲೆ ಕುಳಿತು ಓದಿದೆ.

ಪುಸ್ತಿಕೆ ಕೆಟ್ಟದ್ದೇನಲ್ಲ. ಕಂಡ ಕನಸನ್ನೆಲ್ಲ ಕಂಡವರೆದುರು ಹೇಳಬೇಡ, ಪರರ ಮನೆಯಲ್ಲಿ ದುಡಿಯುವಾಗಲೂ ನಿಯತ್ತು ಬಿಡಬೇಡ, ಪ್ರಲೋಭನೆ ಎದುರಾದರೆ ವಾದಕ್ಕೆ ನಿಲ್ಲದೆ ಓಡು, ಸುಭಿಕ್ಷದಲ್ಲಿ ಕೂಡಿಡು, ಕೇಡು ಬಗೆದವರನ್ನು ಕ್ಷಮಿಸು. ಇವುಗಳಲ್ಲಿ ಯಾವುದನ್ನು ಅಲ್ಲಗಳೆಯಲಾದೀತು? ಆದರೆ ಪುಸ್ತಿಕೆ ಆದಿಕಾಂಡದ ೩೭ನೆಯ ಅಧ್ಯಾಯದಿಂದ ಹೊರಟು, ಅಣ್ಣತಮ್ಮಂದಿರು ಅಳುತ್ತಾ ಅಪ್ಪಿಕೊಳ್ಳುವ ೪೫ನೆಯ ಅಧ್ಯಾಯಕ್ಕೆ ನಿಂತುಬಿಡುತ್ತದೆ. ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ನನ್ನ ತಕರಾರೆಲ್ಲ ಇಷ್ಟರ ಮೇಲೆಯೇ.

ಕಥೆಯನ್ನು ಮರೆತವರಿಗಾಗಿ ಎರಡು ಮಾತು. ಯಾಕೋಬನ ಮುದ್ದಿನ ಮಗ ಯೋಸೇಫ. ಹದಿನೇಳರ ಹರೆಯದಲ್ಲಿ ಅಣ್ಣಂದಿರ ಹೊಟ್ಟೆಕಿಚ್ಚಿಗೆ ಗುರಿಯಾಗಿ, ಇಪ್ಪತ್ತು ಬೆಳ್ಳಿಯ ನಾಣ್ಯಕ್ಕೆ ಮಾರಾಟವಾಗಿ ಐಗುಪ್ತ ದೇಶಕ್ಕೆ ಹೋದ. ಅಲ್ಲಿ ಪೋಟೀಫರನೆಂಬ ಅಧಿಕಾರಿಯ ಮನೆಯಲ್ಲಿ ಆಳಾಗಿದ್ದಾಗ ಒಡತಿ ಅವನನ್ನು ಬಯಸಿದಳು. ಒಲ್ಲೆನೆಂದು ಓಡಿದವನ ವಸ್ತ್ರ ಅವಳ ಕೈಯಲ್ಲುಳಿಯಿತು. ಅದನ್ನೇ ಸಾಕ್ಷಿ ಮಾಡಿ ಅವಳು ಅವನನ್ನು ಸೆರೆಮನೆಗೆ ಕಳಿಸಿದಳು. ಅರಸ ಫರೋಹನ ಕನಸಿಗೆ ಅರ್ಥ ಹೇಳಿ ಹೊರಬಂದಾಗ ಅವನಿಗೆ ಮೂವತ್ತು ವರ್ಷ. ಏಳು ವರ್ಷ ಸುಗ್ಗಿ, ಏಳು ವರ್ಷ ಬರ. ಕಣಜಗಳ ಬೀಗದ ಕೈ ಅವನದಾಯಿತು.

ಈ ಕಥೆ ನಮ್ಮ ಕಡೆಯ ಜನಕ್ಕೆ ಪರದೇಶದ್ದೆನಿಸುವುದಿಲ್ಲ. ಬೈಬಲ್ ಕನ್ನಡಕ್ಕೆ ಬಂದದ್ದು ನಮ್ಮ ಜಿಲ್ಲೆಯಲ್ಲೇ ಎಂಬುದು ಒಂದು ಕಾರಣವಾದೀತು. ೧೮೧೦ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅದನ್ನು ಕನ್ನಡಿಸಲು ಕುಳಿತರು; ಆ ಶತಮಾನದ ಮೂವತ್ತರ ದಶಕದ ಆರಂಭಕ್ಕೆ ಇಡೀ ಗ್ರಂಥ ಕನ್ನಡದಲ್ಲಿ ಅಚ್ಚಾಗಿತ್ತು. ಅವರೊಡನೆ ದುಡಿದ ವಿಲಿಯಂ ರೀವ್ ನಿಘಂಟುಕಾರರಾಗಿ ನಮಗೆ ಪರಿಚಿತರು. ಇನ್ನೊಂದು ಕಾರಣ ಇದಕ್ಕಿಂತ ಹಳೆಯದು, ಗಟ್ಟಿಯಾದದ್ದು. ದರೋಜಿಯಿಂದ ಕಂಪ್ಲಿ ಬಹು ದೂರವಲ್ಲ. ಕಂಪಿಲರಾಯನ ಮಗ ಕುಮಾರರಾಮನ ಚೆಂಡು ಚಿಕ್ಕತಾಯಿ ರತ್ನಾಜಿಯ ಅರಮನೆಯ ಅಂಗಳಕ್ಕೆ ಬಿತ್ತು. ತರಹೋದ ಮಗನನ್ನು ಆಕೆ ಮೋಹಿಸಿದಳು, ಅವನು ಒಪ್ಪದಿರಲು ಗಂಡನಲ್ಲಿ ದೂರಿದಳು, ತಂದೆ ಮಗನ ತಲೆ ತೆಗೆಯಲು ಆಜ್ಞೆಯಿತ್ತ. ಹದಿನಾರನೆಯ ಶತಮಾನದ ನಂಜುಂಡಕವಿ ಇದನ್ನು ಸಾಂಗತ್ಯದಲ್ಲಿ ಹಾಡಿದ; ನಾಯಕನನ್ನು ‘ಪರನಾರೀಸೋದರ’ನೆಂದು ಕೊಂಡಾಡಿದ. ನಮ್ಮೂರಿನ ಬುರ್ರಕಥಾ ಈರಮ್ಮನವರು ಅಕ್ಷರ ಕಲಿಯದೆಯೇ ಕುಮಾರರಾಮನ ಕಥೆಯನ್ನೂ ಅಂಥ ಇನ್ನೆಷ್ಟೋ ಕಾವ್ಯಗಳನ್ನೂ ಕಂಠದಲ್ಲಿಟ್ಟುಕೊಂಡಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಪದವಿಯಿತ್ತು ಗೌರವಿಸಿತು. ೨೦೧೪ರಲ್ಲಿ ಅವರು ತೀರಿಕೊಂಡರು. ಅಂಥ ಹಾಡು ಕೇಳಿ ಬೆಳೆದ ಊರಿನವರಿಗೆ ಪೋಟೀಫರನ ಹೆಂಡತಿಯ ಪರಿಚಯವನ್ನು ಬೇರೆಯಾಗಿ ಮಾಡಿಕೊಡಬೇಕಾಗಿಲ್ಲ.

ಈ ಆಶಯ ಲೋಕದಲ್ಲೆಲ್ಲ ಹರಡಿದೆ. ಅಶೋಕನ ಮಗ ಕುಣಾಲ, ತೆಲುಗು ನಾಡಿನ ಸಾರಂಗಧರ, ಗ್ರೀಕರ ಹಿಪ್ಪೊಲಿಟಸ್ ಎಲ್ಲರೂ ಒಂದೇ ಬಳ್ಳಿಯ ಕಾಯಿಗಳು. ಖುರಾನಿನ ಹನ್ನೆರಡನೆಯ ಅಧ್ಯಾಯವೂ ಯೂಸುಫನದೇ. ಅಲ್ಲಿ ಅಂಗಿ ಹಿಂದಿನಿಂದ ಹರಿದಿದೆಯೋ ಮುಂದಿನಿಂದಲೋ ಎಂದು ನೋಡಿ ಸತ್ಯವನ್ನು ತೀರ್ಮಾನಿಸುವ ಒಬ್ಬ ಜಾಣನಿದ್ದಾನೆ. ಬೈಬಲ್ಲಿನ ಯೋಸೇಫನಿಗೆ ಅಷ್ಟು ಭಾಗ್ಯವೂ ಇಲ್ಲ. ಹೋಲಿಕೆಯನ್ನು ಬೆಳೆಸುವುದು ಸುಲಭ. ನನ್ನ ಗಮನ ಸೆಳೆದದ್ದು ವ್ಯತ್ಯಾಸ. ಕುಮಾರರಾಮನನ್ನು ಉಳಿಸಿದವನು ಮಂತ್ರಿ ಬೈಚಪ್ಪ. ಅರಸನ ಆಜ್ಞೆಗೆ ತಲೆಬಾಗಿದಂತೆ ನಟಿಸಿ, ಬೇರೊಂದು ತಲೆಯನ್ನು ತೋರಿಸಿ, ಕುಮಾರನನ್ನು ಬಚ್ಚಿಟ್ಟವನು ಅವನು. ದೆಹಲಿಯ ದಂಡು ಮೇಲೆ ಬಂದಾಗ ಬಚ್ಚಿಟ್ಟ ಮಗನೇ ಹೊರಬಂದು ಕಾದಿ ಮಡಿದ. ಶೀಲದ ಕಥೆಯಾಗಿ ಇದು ಯೋಸೇಫನ ಕಥೆಗಿಂತ ಒಂದು ಕೈ ಮೇಲೆಂದೇ ನನ್ನ ಅಭಿಪ್ರಾಯ. ಇಲ್ಲಿ ಶೀಲಕ್ಕೆ ಸಿಕ್ಕಿದ ಸಂಬಳ ಸಾವು, ಮಂತ್ರಿಪದವಿಯಲ್ಲ. ಯೋಸೇಫನಿಗೆ ಬೈಚಪ್ಪನಂಥವನು ಸಿಗಲಿಲ್ಲ. ಸಿಕ್ಕಿದವನು ಫರೋಹನ ಪಾನದಾಯಕ. ಸೆರೆಯಲ್ಲಿ ತನಗೆ ಉಪಕಾರ ಮಾಡಿದವನನ್ನು ಬಿಡುಗಡೆಯಾದ ಮೇಲೆ ಎರಡು ವರ್ಷ ಪೂರ್ತಿ ಮರೆತ ಮಹಾನುಭಾವ. ಪಿಂಚಣಿಯ ಕಾಗದಕ್ಕಾಗಿ ಕಚೇರಿಯ ಬೆಂಚಿನ ಮೇಲೆ ಕುಳಿತವರಿಗೆ ಈತನ ವಿಷಯ ವಿವರಿಸಬೇಕಾಗಿಲ್ಲ. ಪುಸ್ತಿಕೆ ಈ ಎರಡು ವರ್ಷಗಳನ್ನು ‘ತಾಳ್ಮೆ’ ಎಂಬ ಒಂದೇ ಮಾತಿನಲ್ಲಿ ದಾಟಿಸಿದೆ. ತಾಳ್ಮೆ ಯೋಸೇಫನದು ನಿಜ. ಮರೆತ ತಪ್ಪು ಯಾರದು ಎಂಬುದೂ ಕಥೆಯಲ್ಲಿದೆಯಲ್ಲ!

ಇನ್ನು ಕಣಜ. ಕೂಡಿಡು ಎಂಬ ಪಾಠವನ್ನು ಬಳ್ಳಾರಿ ಸೀಮೆಯ ಒಕ್ಕಲಿಗನಿಗೆ ಯಾರೂ ಐಗುಪ್ತದಿಂದ ತಂದು ಕಲಿಸಬೇಕಾಗಿರಲಿಲ್ಲ. ಮನೆಯ ಮುಂದೆ ನೆಲವನ್ನು ಆಳವಾಗಿ ಅಗೆದು, ಸುತ್ತ ಹುಲ್ಲು ಒತ್ತಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದ ಹಗೇವುಗಳು ಹಿಂದೆ ಊರೂರಲ್ಲೂ ಇದ್ದವು. ಬಾಯಿ ತೆಗೆದೊಡನೆ ಒಳಕ್ಕಿಳಿಯಬಾರದು, ಉಸಿರು ಕಟ್ಟುತ್ತದೆ; ಗಾಳಿಯಾಡಲು ಬಿಟ್ಟು ಇಳಿಯಬೇಕು. ಸಂಡೂರಿನ ಕಣಿವೆಯ ನೀರನ್ನು ನಾರಿಹಳ್ಳ ಹೊತ್ತು ತಂದು ತುಂಬುವ ನಮ್ಮ ದರೋಜಿ ಕೆರೆಯೂ ಒಂದು ಬಗೆಯ ಹಗೇವೇ. ಯೋಸೇಫ ಮಾಡಿದ್ದೂ ಇದನ್ನೇ, ಅರಸನ ಅಳತೆಯಲ್ಲಿ. ಸುಗ್ಗಿಯ ಏಳು ವರ್ಷ ಬೆಳೆಯ ಐದರಲ್ಲೊಂದು ಪಾಲನ್ನು ಎತ್ತಿ ಪಟ್ಟಣಗಳಲ್ಲಿ ತುಂಬಿಸಿದ. ಕಡೆಗೆ ಅಳೆಯುವುದನ್ನೇ ಬಿಟ್ಟರಂತೆ, ಅಷ್ಟು ಧಾನ್ಯ. ಪುಸ್ತಿಕೆ ಇಲ್ಲಿ ಚಪ್ಪಾಳೆ ತಟ್ಟುತ್ತದೆ. ನಾನೂ ತಟ್ಟುತ್ತೇನೆ.

ಆದರೆ ಹಗೇವಿನ ಬಾಯಿ ತೆಗೆಯುವ ದಿನ ಬರಬೇಕಲ್ಲ. ಅದು ೪೭ನೆಯ ಅಧ್ಯಾಯ. ಬರ ಬಿದ್ದಾಗ ಯೋಸೇಫ ಧಾನ್ಯವನ್ನು ಹಂಚಲಿಲ್ಲ, ಮಾರಿದ. ಯಾರ ಬೆಳೆಯಿಂದ ಎತ್ತಿದ್ದನೋ ಅವರಿಗೇ ಮಾರಿದ. ಮೊದಲು ದೇಶದ ಹಣವೆಲ್ಲ ಅರಮನೆ ಸೇರಿತು. ಹಣ ಮುಗಿದ ಮೇಲೆ ಕುದುರೆ, ಕುರಿ, ದನ, ಕತ್ತೆಗಳು ಬಂದವು. ಮರುವರ್ಷ ಜನ ಬಂದು, ಇನ್ನು ನಮ್ಮ ದೇಹವೂ ಹೊಲವೂ ಮಾತ್ರ ಉಳಿದಿವೆ, ಅವನ್ನೂ ಕೊಂಡುಕೋ ಎಂದರು. ಕೊಂಡ. ಅಂದಿನಿಂದ ಭೂಮಿಯೆಲ್ಲ ಫರೋಹನದು, ಉತ್ತವನು ಅವನ ಒಕ್ಕಲು, ಐದರಲ್ಲೊಂದು ಪಾಲು ಶಾಶ್ವತವಾದ ತೆರಿಗೆ. ಪುರೋಹಿತರ ಭೂಮಿ ಮಾತ್ರ ಉಳಿಯಿತು. ಅವರಿಗೆ ಅರಮನೆಯಿಂದಲೇ ಪಡಿ ಸಲ್ಲುತ್ತಿತ್ತು. ಯೋಸೇಫನ ಸ್ವಂತ ಬಳಗಕ್ಕೂ ಒಳ್ಳೆಯ ನೆಲ, ತಲೆಯೆಣಿಸಿ ಆಹಾರ, ಎರಡೂ ದೊರೆತವು. ಇಲ್ಲೊಂದು ಪಾಠಾಂತರವುಂಟು, ವೃತ್ತಿಯ ಚಪಲ, ಹೇಳದಿರಲಾರೆ. ಹೀಬ್ರೂ ಪಾಠದಲ್ಲಿ ಅವನು ಜನರನ್ನು ಪಟ್ಟಣಗಳಿಗೆ ಸಾಗಿಸಿದನೆಂದಿದ್ದರೆ, ಪ್ರಾಚೀನ ಗ್ರೀಕ್ ಭಾಷಾಂತರದಲ್ಲಿ ಗುಲಾಮರನ್ನಾಗಿ ಮಾಡಿದನೆಂದಿದೆ. ಯಾವ ಪಾಠವನ್ನು ಹಿಡಿದರೂ ಆ ರೈತರು ತಮ್ಮ ಹೊಲದ ಒಡೆಯರಾಗಿ ಉಳಿಯುವುದಿಲ್ಲ.

ಇದನ್ನು ಓದುವಾಗ ನನ್ನ ಮನಸ್ಸು ನ್ಯಾಯಾಧೀಶನ ಪೀಠದಲ್ಲಿರಲಿಲ್ಲವೆಂದು ಒಪ್ಪಿಕೊಳ್ಳಬೇಕು. ನಮ್ಮ ಮನೆಯಲ್ಲಿ ‘ಜೋಳಕ್ಕೆ ಹೋದ ಹೊಲ’ ಎಂಬ ಮಾತೊಂದಿದೆ. ಅಜ್ಜಿ ಏರಿಯ ಮೇಲೆ ನಡೆಯುವಾಗ ಕೈಮಾಡಿ ತೋರಿಸುತ್ತಿದ್ದ ಎರೆಹೊಲ ಅದು. ಅವರ ಅಜ್ಜನ ಕಾಲದಲ್ಲಿ, ಧಾತು ಈಶ್ವರ ಸಂವತ್ಸರಗಳ ಬರದಲ್ಲಿ, ಎರಡು ಚೀಲ ಜೋಳಕ್ಕೆ ಅದು ಕೈಬಿಟ್ಟಿತಂತೆ. ಕೊಂಡವನು ಕ್ರೂರಿಯೆಂದು ಅಜ್ಜಿ ಎಂದೂ ಹೇಳಲಿಲ್ಲ. “ಅವನ ಹಗೇವು ತುಂಬಿತ್ತು, ನಮ್ಮದು ಬರಿದಾಗಿತ್ತು” ಎನ್ನುತ್ತಿದ್ದರು, ಅಷ್ಟೆ. ಅವನೂ ಮುಂದಾಲೋಚನೆಯ ಮನುಷ್ಯನೇ. ಪುಸ್ತಿಕೆಯ ಲೆಕ್ಕದಲ್ಲಿ ಅವನಿಗೆ ಪೂರ್ಣಾಂಕ ಸಲ್ಲಬೇಕು.

ಅದು ೧೮೭೬ರಿಂದ ೭೮ರವರೆಗಿನ ಬರ. ೧೮೭೧ರ ಜನಗಣತಿಗೂ ೧೮೮೧ರ ಜನಗಣತಿಗೂ ನಡುವೆ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ ಹತ್ತಿರ ಹತ್ತಿರ ಐದರಲ್ಲೊಂದು ಭಾಗ ಇಳಿಯಿತು. ಐಗುಪ್ತದಲ್ಲಿ ಧಾನ್ಯದ ಐದರಲ್ಲೊಂದು, ಇಲ್ಲಿ ಜನದ ಐದರಲ್ಲೊಂದು. ಧಾನ್ಯ ದೇಶದಲ್ಲಿ ಇರಲೇ ಇಲ್ಲವೆಂದಲ್ಲ. ಮದರಾಸು ಸರ್ಕಾರ ತಾನೇ ಧಾನ್ಯ ಕೊಳ್ಳಹೊರಟಾಗ, ವ್ಯಾಪಾರದಲ್ಲಿ ಸರ್ಕಾರ ಕೈಹಾಕಬಾರದೆಂದು ವೈಸರಾಯರ ಸರ್ಕಾರ ಅಡ್ಡಿ ಮಾಡಿತು. ಪರಿಹಾರದ ಕಾಮಗಾರಿಯಲ್ಲಿ ಕಲ್ಲುಮಣ್ಣು ಹೊರುವವನ ದಿನದ ಕೂಲಿಯನ್ನು ಸರ್ ರಿಚರ್ಡ್ ಟೆಂಪಲ್ ಒಂದು ಪೌಂಡು ಧಾನ್ಯದ ಮಟ್ಟಕ್ಕೆ ಇಳಿಸಿದ. ಇಂಥವರ ಪಕ್ಕದಲ್ಲಿ ಯೋಸೇಫನನ್ನು ನಿಲ್ಲಿಸಿದರೆ ಅವನು ಎಷ್ಟೋ ಪಾಲು ದೊಡ್ಡವನಾಗಿ ಕಾಣುತ್ತಾನೆ. ಅವನ ಪರವಾಗಿ ಹೇಳಬೇಕಾದುದನ್ನು ಹೇಳಲೇಬೇಕು. ಜನ ಸಾಯಲಿಲ್ಲ, ನಮ್ಮ ಪ್ರಾಣ ಉಳಿಸಿದೆಯೆಂದು ಅವರೇ ಅವನಿಗೆ ಹೇಳುತ್ತಾರೆ. ಐದರಲ್ಲೊಂದು ಎಂಬುದು ಮಿತವಾದ ತೆರಿಗೆ. ನಮ್ಮ ಈ ಸೀಮೆಗೆ ಕಲೆಕ್ಟರಾಗಿದ್ದ ಥಾಮಸ್ ಮನ್ರೊ ರೈತರ ಮೇಲೆ ಕನಿಕರಪಟ್ಟು ಕಂದಾಯ ತಗ್ಗಿಸಬೇಕೆಂದು ೧೮೦೭ರಲ್ಲಿ ಶಿಫಾರಸು ಮಾಡಿದಾಗಲೂ ಸರ್ಕಾರದ ಪಾಲು ಬೆಳೆಯ ಮೂರರಲ್ಲೊಂದರ ಹತ್ತಿರವಿತ್ತು.

ಆದರೂ ಮನಸ್ಸು ಒಪ್ಪುವುದಿಲ್ಲ. ಒಪ್ಪದಿರುವುದು ನನ್ನೊಬ್ಬನ ಮನಸ್ಸೇ ಅಲ್ಲವೆಂಬುದಕ್ಕೆ ದೊಡ್ಡ ಸಾಕ್ಷಿಯಿದೆ. ಜರ್ಮನ್ ಕಾದಂಬರಿಕಾರ ಥಾಮಸ್ ಮಾನ್ ಈ ಕಥೆಯನ್ನು ನಾಲ್ಕು ಸಂಪುಟಗಳಲ್ಲಿ ಹಿಗ್ಗಿಸಿ ಬರೆದ. ೧೯೪೩ರಲ್ಲಿ ಬಂದ ಕೊನೆಯ ಸಂಪುಟವನ್ನು ಅಮೆರಿಕದಲ್ಲಿ ಆಶ್ರಯ ಪಡೆದಿದ್ದಾಗ ಬರೆದದ್ದು. ರೂಸ್ವೆಲ್ಟರ ಆಡಳಿತವನ್ನು ಕಣ್ಣೆದುರಿಗೆ ಕಂಡಿದ್ದ ಆತನ ಯೋಸೇಫ ಸಿರಿವಂತರಿಗೆ ದುಬಾರಿ ಬೆಲೆಗೆ ಮಾರುತ್ತಾನೆ, ಬಡವರಿಗೆ ಬಿಟ್ಟಿಯಾಗಿ ಕೊಡುತ್ತಾನೆ. ಮೂಲದಲ್ಲಿ ಈ ಭೇದವಿಲ್ಲ. ತನ್ನ ನಾಯಕನನ್ನು ಪ್ರೀತಿಸಿದ ಕಲಾವಿದ ಆ ಅಧ್ಯಾಯವನ್ನು ಹಾಗೆಯೇ ಬಿಡಲಾರದೆ ತಿದ್ದಿದ. ನಮ್ಮ ಪುಸ್ತಿಕೆಯ ಕರ್ತೃ ಅದನ್ನು ತಿದ್ದಲಿಲ್ಲ, ಬಿಟ್ಟುಬಿಟ್ಟರು. ತಿದ್ದಿದವನು ಅಧ್ಯಾಯವನ್ನು ಓದಿದ್ದ ಎಂದಾದರೂ ತಿಳಿಯುತ್ತದೆ.

ಮೂಲದ ಕಥೆಗಾರನಾದರೋ ಏನನ್ನೂ ಮುಚ್ಚಿಡಲಿಲ್ಲ. ಹಣ, ದನ, ಹೊಲ, ಮೈ ಎಂದು ಒಂದೊಂದೇ ಮೆಟ್ಟಿಲನ್ನು ಎಣಿಸಿ ತೋರಿಸಿದ್ದಾನೆ. ಹೊಗಳಲೂ ಇಲ್ಲ, ತೆಗಳಲೂ ಇಲ್ಲ. ಗ್ರಂಥದ ಪುಟ ತಿರುವಿದರೆ ಮುಂದಿನ ಕಾಂಡದ ಮೊದಲಿಗೇ ಯೋಸೇಫನನ್ನು ಅರಿಯದ ಹೊಸ ಅರಸನೊಬ್ಬ ಸಿಂಹಾಸನವೇರುತ್ತಾನೆ. ಯೋಸೇಫನ ಮಕ್ಕಳು ಮರಿಗಳು ಆ ಅರಸನಿಗಾಗಿ ಬಿಟ್ಟಿ ದುಡಿದು ಕಟ್ಟುವುದು ಏನನ್ನು? ಉಗ್ರಾಣದ ಪಟ್ಟಣಗಳನ್ನು! ಬೀಗದ ಕೈ ಒಳ್ಳೆಯವನ ಸೊಂಟದಲ್ಲಿದ್ದಾಗ ಯಾರೂ ಬೀಗದ ವಿಷಯ ಕೇಳಲಿಲ್ಲ. ಕೈ ಬದಲಾದಾಗ ಕೇಳುವ ಹಕ್ಕೇ ಉಳಿದಿರಲಿಲ್ಲ. ಇದನ್ನು ಕಥೆಗಾರ ಬಾಯಿಬಿಟ್ಟು ಹೇಳುವುದಿಲ್ಲ. ಎರಡು ಸಂಗತಿಗಳನ್ನು ಅಕ್ಕಪಕ್ಕದಲ್ಲಿಟ್ಟು ಸುಮ್ಮನಾಗುತ್ತಾನೆ. ಕಥೆಯಿಂದ ಪಾಠ ಹಿಂಡುವವರಿಗೆ ಇಂಥ ಮೌನ ಕೇಳಿಸುವುದಿಲ್ಲವೆಂಬುದೇ ನನ್ನ ದೂರು. ಕೆರೆಯ ವಿಷಯದಲ್ಲಿ ನಮ್ಮ ಹಿರಿಯರು ಇದನ್ನು ಅರಿತಿದ್ದರೋ ಏನೋ. ಕೆರೆ ಕಟ್ಟಿಸಿದರೆ ಸಾಲದು, ತೂಬು ಬೇಕು. ತೂಬು ಇದ್ದರೆ ಸಾಲದು, ಯಾವ ಹೊಲಕ್ಕೆ ಎಷ್ಟು ಹೊತ್ತು ನೀರೆಂದು ನೋಡುವ ನೀರುಗಂಟಿ ಬೇಕು. ಹಾಗೆಂದು ಕೆರೆಯ ನೀರಿಗೆ ಜಗಳವಾಗುತ್ತಿರಲಿಲ್ಲವೆಂದು ಯಾರೂ ತಿಳಿಯಬಾರದು. ಕಾಲುವೆಯ ಕೊನೆಯ ಹೊಲದವನನ್ನು ಕೇಳಿದರೆ ಗೊತ್ತಾಗುತ್ತದೆ.

ಸೋಮವಾರ ನಾನು ಪುಸ್ತಿಕೆಯನ್ನು ಹಿಂದಿರುಗಿಸಿ, ತರಗತಿಯಲ್ಲಿ ಯೋಸೇಫನ ಕಥೆಯನ್ನು ಮೊದಲಿಂದ ಹೇಳಿ, ೪೭ನೆಯ ಅಧ್ಯಾಯವನ್ನು ಗ್ರಂಥದಿಂದಲೇ ಓದಿದೆ. ಬ್ಯಾಂಕಿನ ಪರೀಕ್ಷೆಗೆ ಓದುತ್ತಿರುವ ಹುಡುಗನೊಬ್ಬ, “ಹಂಗಾರ ಯೋಸೇಫ ಒಳ್ಳೆಯವನೋ ಕೆಟ್ಟವನೋ ಹೇಳ್ರಿ ಸರ್” ಎಂದ. ಉತ್ತರಕ್ಕೆ ನಾನು ತಡವರಿಸುತ್ತಿರುವಾಗ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದುನಿಂತಳು. ಮಳೆಗಾಲದಲ್ಲಿ ಬಿತ್ತನೆಗೆಂದು ವಾರಗಟ್ಟಲೆ ರಜೆ ಹಾಕುವವಳು; ಹಾಜರಿ ಕಡಿಮೆಯೆಂದು ನನ್ನಿಂದ ಎಷ್ಟೋ ಸಲ ಬೈಸಿಕೊಂಡವಳು.

“ಸರ್, ಅವ್ರು ಹೊಲ ಕೊಟ್ಟಾಗ ಬರೀ ಕಾಳು ಕೇಳ್ಲಿಲ್ರೀ, ಬೀಜಾನೂ ಕೇಳಿದ್ರು. ಅವ ಕೊಟ್ಟ. ನಿಮ್ಮ ಅಜ್ಜಿ ಕಡೆಯೋರಿಗೆ ಬೀಜ ಕೊಟ್ಟಿದ್ರೇನ್ರೀ?”

ಎರಡು ಸಲ ಓದಿದ್ದರೂ ಆ ಮಾತು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಪುಸ್ತಕ ತೆಗೆದು ನೋಡಿದೆ. ಇತ್ತು, ೧೯ನೆಯ ವಚನದಲ್ಲಿ, ಮತ್ತೆ ೨೩ರಲ್ಲಿ.