ಪಾನಕವೂ ಬೆಳಚೂ

ವಿಮರ್ಶಕನಾದವನು ತನ್ನ ಅಭಿಪ್ರಾಯ ಎಲ್ಲಿ ಹುಟ್ಟಿತೆಂಬುದನ್ನು ಸಾಮಾನ್ಯವಾಗಿ ಹೇಳುವುದಿಲ್ಲ. ಗ್ರಂಥಭಂಡಾರದಲ್ಲಿ ಹುಟ್ಟಿತೆಂದೇ ಓದುಗರು ಭಾವಿಸುತ್ತಾರೆ, ಅವನೂ ತಿದ್ದಹೋಗುವುದಿಲ್ಲ. ಈ ಬರಹದ ಮಟ್ಟಿಗೆ ನಾನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ರಸದ ವಿಷಯವಾಗಿ ಇಲ್ಲಿ ಹೇಳಹೊರಟಿರುವುದು ನನಗೆ ಹೊಳೆದದ್ದು ಕುಮಟೆಯ ಆಚೆ, ಹೆದ್ದಾರಿಯ ಮಗ್ಗುಲಿನ ಒಂದು ತಳ್ಳುಗಾಡಿಯ ಮುಂದೆ, ರಾತ್ರಿ ಒಂದೂವರೆ ಗಂಟೆಗೆ, ಕೈಯಲ್ಲಿ ಬೆಳಚಿನ ಸುಕ್ಕದ ತಟ್ಟೆ ಹಿಡಿದುಕೊಂಡು ಮೂಗು ಒರೆಸಿಕೊಳ್ಳುತ್ತಿದ್ದಾಗ.

ಹೋದದ್ದು ಆಟ ನೋಡುವುದಕ್ಕೆ. ಕೊಯಿಲಾದ ಗದ್ದೆಯಲ್ಲಿ ಹರಕೆಯ ಬಯಲಾಟ. ಮೊದಲು ‘ಕರ್ಣಭೇದನ’, ಬೆಳಗಿನ ಜಾವಕ್ಕೆ ‘ಕರ್ಣಪರ್ವ’. ಕುಂತಿ ಗಂಗಾತೀರಕ್ಕೆ ಬಂದು, ನೀನು ನನ್ನ ಮಗ ಎಂದು ಹೇಳುವ ಭಾಗ ಬಂದಾಗ ಭಾಗವತರು ಪದ್ಯವನ್ನು ನಾಲ್ಕು ಸಲ ಹೊರಳಿಸಿ ಹಾಡಿದರು. ಇಂಪಾದ ಕಂಠ. ಕರ್ಣನ ವೇಷಧಾರಿ ಒಳ್ಳೆಯ ಮಾತುಗಾರರು. ತಾಯಿಯ ಕಾಲು ಹಿಡಿದರು, ಎದ್ದರು, ಮತ್ತೆ ಹಿಡಿದರು. ಒಂದೊಂದು ಬಿಕ್ಕಿಗೂ ತಾಳವಿತ್ತು. ಜನ ಚಪ್ಪಾಳೆ ತಟ್ಟಿದರು. ನನ್ನ ಪಕ್ಕದಲ್ಲಿದ್ದವರು ‘ಎಂಥ ರಸ!’ ಎಂದರು. ನಾನೂ ತಲೆಯಾಡಿಸಿದೆ. ಆದರೆ ಹುಟ್ಟಿದ ದಿನವೇ ನೀರಿಗೆ ಬಿಟ್ಟ ತಾಯಿ, ಯುದ್ಧದ ಹಿಂದಿನ ದಿನ ಮಗನ ಬಳಿ ಬೇಡಲು ಬಂದಿದ್ದಾಳೆ. ಅದನ್ನು ಕೇಳಿ ನನಗೆ ಬೆಲ್ಲದ ನೀರು ಕುಡಿದಂತಾಯಿತಲ್ಲ, ಇದು ಹೇಗೆ? ಚಹಾ ಕುಡಿದು ಬರೋಣವೆಂದು ಎದ್ದೆ.

ಚಹಾದ ಅಂಗಡಿ ಮುಚ್ಚಿತ್ತು. ಲಾರಿಯವರು ನಿಲ್ಲಿಸುವ ಜಾಗದಲ್ಲಿ ಈ ಗಾಡಿಯೊಂದೇ ಉರಿಯುತ್ತಿತ್ತು. ಗಂಡ ಸ್ಟೋವಿನ ಮುಂದೆ, ಹೆಂಡತಿ ತಟ್ಟೆ ಕೊಡುವುದಕ್ಕೆ. ಬೆಳಚೆಂದರೆ ಅಘನಾಶಿನಿಯ ಅಳಿವೆಯಲ್ಲಿ ನೀರು ಇಳಿದಾಗ ಹೆಂಗಸರೂ ಗಂಡಸರೂ ಮೊಣಕಾಲುದ್ದದ ಕೆಸರಿನಲ್ಲಿ ತಡಕಿ ಆರಿಸಿ ತರುವ ಚಿಪ್ಪಿನ ಜೀವಿ, ಮಂಗಳೂರಿನವರ ಮರುವಾಯಿ. ಆ ಅಳಿವೆಗೆ 2024ರಲ್ಲಿ ರಾಮ್ಸರ್ ಪಟ್ಟಿಯ ಗೌರವ ದೊರೆಯಿತು; ಬೆಳಚು ಆರಿಸುವವರ ಬೆನ್ನುನೋವು ಅದರಿಂದ ಕಡಿಮೆಯಾಗಿರಲಾರದು. ಮರಳು ಬಿಡಲೆಂದು ಅದನ್ನು ನೀರಿನಲ್ಲಿಟ್ಟು, ಬಿಸಿಗೆ ಬಾಯಿ ಬಿಡಿಸಿ, ಬೆಳ್ಳುಳ್ಳಿ, ಕೊತ್ತಂಬರಿ, ಹುರಿದ ಕೆಂಪುಮೆಣಸು, ಕಾಯಿತುರಿಯ ಮಸಾಲೆಯಲ್ಲಿ ಚಿಪ್ಪಿನ ಸಮೇತ ಹೊರಳಿಸುತ್ತಾರೆ. ಹುಳಿಗೆ ಮುರುಗಲ ಸಿಪ್ಪೆ. ಬ್ಯಾಡಗಿ ಮೆಣಸು ಬಣ್ಣಕ್ಕೆ. ಇವರು ಖಾರಕ್ಕೆಂದು ಜೀರಿಗೆಮೆಣಸನ್ನೂ ಜಜ್ಜಿ ಹಾಕಿದ್ದರು.

ನಮ್ಮ ಮನೆಯಲ್ಲಿ ಮೀನಿನ ಹೆಸರನ್ನೂ ಎತ್ತುವಂತಿರಲಿಲ್ಲ. ಆ ರಾತ್ರಿ ಯಾಕೆ ತಿಂದೆನೆಂದು ಕೇಳಿದರೆ ಹಸಿವು ಎನ್ನಬಹುದು, ಪೂರ್ತಿ ನಿಜವಲ್ಲ. ವಾಸನೆ ಎನ್ನುವುದು ಹೆಚ್ಚು ನಿಜ. ಒಂದು ಚಿಪ್ಪು ತೆರೆಯದೆ ಮುಚ್ಚಿಕೊಂಡೇ ಇತ್ತು. ಉಗುರಿನಿಂದ ಬಿಡಿಸಹೋದೆ. ಆ ಹೆಂಗಸು ತಡೆದಳು. ‘ಮಾಸ್ತರ್ರೇ, ಬಾಯಿ ಬಿಡದಿದ್ದದ್ದು ತಿನ್ಬೇಡಿ. ಅದು ಮೊದಲೇ ಸತ್ತದ್ದು.’ (ಕೆಲವು ಕವನಗಳ ಬಾಯಿ ಬಿಡಿಸಲು ನಾನು ಎಷ್ಟು ವರ್ಷ ಉಗುರು ಸವೆಸಿದ್ದೇನೆಂಬುದು ಆಗ ನೆನಪಾಯಿತು.) ಉಳಿದವನ್ನು ಒಂದೊಂದಾಗಿ ಹೀರಿದೆ. ಮೊದಲು ಕಾಯಿಯ ಸವಿ, ಆಮೇಲೆ ಸಮುದ್ರದ ಉಪ್ಪು, ಎಲ್ಲೋ ಒಂದು ಮರಳಿನ ಕಣ ಹಲ್ಲಿಗೆ. ಅಷ್ಟರಲ್ಲಿ ಖಾರ ಏರಿತು. ಕಣ್ಣಲ್ಲಿ ನೀರು, ಕಿವಿಯಲ್ಲಿ ಬಿಸಿ. ಕುಂತಿಗೆ ಸುರಿಸದ ಕಣ್ಣೀರನ್ನು ಜೀರಿಗೆಮೆಣಸಿಗೆ ಸುರಿಸಿದೆ. ನೀರು ಕುಡಿದೆ, ಕಡಿಮೆಯಾಗಲಿಲ್ಲ. ‘ಇನ್ನೊಂದು ತಟ್ಟೆ’ ಎಂದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ‘ಇನ್ನೊಂದು’. ನೋಯುವುದನ್ನು ಮತ್ತೆ ಕೇಳಿ ಪಡೆಯುವುದು ಯಾವ ಬಗೆಯ ಆಸ್ವಾದ?

ನಮ್ಮ ಕಾವ್ಯಶಾಸ್ತ್ರ ಅಡುಗೆಮನೆಯಿಂದಲೇ ಹೊರಟದ್ದು. ಭರತನು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ರಸ ಹುಟ್ಟುವ ಬಗೆಯನ್ನು ವ್ಯಂಜನಗಳು ಕೂಡಿದ ಊಟದ ಹೋಲಿಕೆಯಿಂದಲೇ ವಿವರಿಸುತ್ತಾನೆ. ಮುಂದೆ ಅಭಿನವಗುಪ್ತನಲ್ಲಿ ಪಾನಕದ ಉಪಮಾನ ಬಂತು: ಬೆಲ್ಲ, ಮೆಣಸುಗಳು ತಮ್ಮ ಬೇರೆತನವನ್ನು ಕಳೆದುಕೊಂಡು ಒಂದೇ ಸವಿಯಾಗುವಂತೆ ವಿಭಾವಾದಿಗಳು ಸೇರಿ ರಸವಾಗುತ್ತವೆ, ಮತ್ತು ಆ ರಸ ಆನಂದರೂಪವೇ, ಕರುಣವಾದರೂ ಸರಿ. ತೀ.ನಂ.ಶ್ರೀ. ಅವರ ‘ಭಾರತೀಯ ಕಾವ್ಯಮೀಮಾಂಸೆ’ 1953ರಲ್ಲಿ ಬಂದ ಮೇಲೆ ನಮ್ಮಂಥವರಿಗೆ ಈ ವಿಚಾರ ಕನ್ನಡದಲ್ಲಿಯೇ ಸ್ಪಷ್ಟವಾಗಿ ದೊರಕಿತು. ದೋಷ ಶಾಸ್ತ್ರದ್ದಲ್ಲ. ಆನಂದವೆಂಬ ದೊಡ್ಡ ಮಾತನ್ನು ನಾವು ಸಿಹಿ ಎಂದು ಅನುವಾದಿಸಿಕೊಂಡೆವು. ಪಾನಕದ ಬೆಲ್ಲ ಉಳಿಯಿತು, ಮೆಣಸು ಹೋಯಿತು. ನನ್ನ ಹಳೆಯ ವಿಮರ್ಶೆಗಳಲ್ಲಿ ‘ಕರುಣರಸ ಹೃದಯಂಗಮವಾಗಿ ಹರಿದಿದೆ’ ಎಂಬ ವಾಕ್ಯ ಎಷ್ಟು ಸಲ ಬಂದಿದೆಯೋ, ಎಣಿಸಲು ನಾಚಿಕೆಯಾಗುತ್ತದೆ.

ಇದಕ್ಕೆ ಒಪ್ಪದವರು ಹಿಂದೆಯೇ ಇದ್ದರು. ಹನ್ನೆರಡನೆಯ ಶತಮಾನದ ಗುಜರಾತಿನ ಜೈನ ಪಂಡಿತರಾದ ರಾಮಚಂದ್ರ ಗುಣಚಂದ್ರರು ತಮ್ಮ ‘ನಾಟ್ಯದರ್ಪಣ’ದಲ್ಲಿ ರಸ ಸುಖದುಃಖಾತ್ಮಕವೆಂದು ನೇರವಾಗಿ ಸಾರಿದರು. ಕರುಣ, ಭಯಾನಕಗಳು ನೋಯಿಸುತ್ತವೆ. ನೋಡುವವನಿಗೆ ಮೆಚ್ಚುಗೆಯಾಗುವುದು ಕವಿಯ ಮತ್ತು ನಟನ ಶಕ್ತಿಯಿಂದ. ಅವರೂ ಪಾನಕವನ್ನೇ ನೆನೆದರು, ಆದರೆ ಅದರ ತೀಕ್ಷ್ಣತೆಯನ್ನು ಬಿಡದೆ. ವಾದದಲ್ಲಿ ಅಭಿನವಗುಪ್ತನ ಎದುರು ಅವರು ಗೆಲ್ಲುತ್ತಾರೆಂದು ನಾನು ಹೇಳಲಾರೆ. ಗಾಡಿಯ ಮುಂದೆ ಮಾತ್ರ ಗೆದ್ದರು. ಇಂದಿನ ವಿಜ್ಞಾನವೂ ಸ್ವಲ್ಪ ಅವರ ಕಡೆಗಿದೆ. ಖಾರವನ್ನು ನಮ್ಮವರು ಷಡ್ರಸಗಳಲ್ಲಿ ಒಂದೆಂದು ಎಣಿಸಿದರೂ, ಅದು ನಾಲಗೆಯ ರುಚಿಯಲ್ಲ; ಸುಡುವ ಬಿಸಿಯನ್ನು ತಿಳಿಸುವ ನರಗಳೇ ಮೆಣಸಿನ ಸತ್ತ್ವವನ್ನೂ ತಿಳಿಸುತ್ತವೆ. ಅದರ ಗ್ರಾಹಕವನ್ನು 1997ರಲ್ಲಿ ಗುರುತಿಸಿದ ಡೇವಿಡ್ ಜೂಲಿಯಸ್ 2021ರ ನೊಬೆಲ್ ಬಹುಮಾನದಲ್ಲಿ ಪಾಲು ಪಡೆದರು. ಬೆಳಚಿನಲ್ಲಿ ನಾನು ಸವಿದದ್ದು ಉರಿಯನ್ನು. ಅದು ಕರಗಿ ಬೇರೊಂದಾಗಲಿಲ್ಲ.

ನಾಲಗೆಯ ಪರಂಪರೆಯ ಬಗ್ಗೆಯೂ ಒಂದು ಮಾತು ಹೇಳಬೇಕು. ಕನ್ನಡದ ಪಾಕಶಾಸ್ತ್ರವೆಂದರೆ ನಾವು ಹದಿನಾರನೆಯ ಶತಮಾನದ ಮಂಗರಸನ ‘ಸೂಪಶಾಸ್ತ್ರ’ವನ್ನು ಹೆಸರಿಸುತ್ತೇವೆ. ಜೈನಕವಿ, ಬದನೆ, ಬಾಳೆ, ಹಲಸುಗಳಲ್ಲಿ ಅವನ ಪ್ರತಿಭೆ ಅಪಾರ. ಅವನಿಗಿಂತ ಸುಮಾರು ನಾಲ್ಕು ನೂರು ವರ್ಷ ಮೊದಲು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಮೀನು, ಮಾಂಸಗಳ ಅಡುಗೆ ಯಾವ ಸಂಕೋಚವೂ ಇಲ್ಲದೆ ಬರುತ್ತದೆ. ಎರಡೂ ಈ ನಾಡಿನವೇ. ‘ನಮ್ಮ ಅಭಿರುಚಿ’ ಎಂದು ವೇದಿಕೆಯಲ್ಲಿ ಹೇಳುವಾಗ ನಮ್ಮ ಬಾಯಿಗೆ ಬರುವುದು ಮೊದಲನೆಯದು ಮಾತ್ರ. ಸಹೃದಯನಿಗೆ ಹೃದಯ ಬೇಕೆಂದೆವು. ಅವನ ಬಾಯಿ ಯಾವ ಕೇರಿಯದೆಂದು ಕೇಳಲಿಲ್ಲ, ಗೊತ್ತೇ ಇತ್ತು.

ಮರಳಿ ಗದ್ದೆಗೆ ಹೋದಾಗ ‘ಕರ್ಣಪರ್ವ’ ಮುಗಿಯುತ್ತ ಬಂದಿತ್ತು. ಕೈ ತೊಳೆದಿದ್ದರೂ ಬೆರಳಲ್ಲಿ ಬೆಳ್ಳುಳ್ಳಿಯ ವಾಸನೆ, ತುಟಿಯ ಉರಿ ಹಾಗೆಯೇ. ರಥದ ಗಾಲಿ ಹೂತಿದೆ. ರಂಗದ ಮೇಲೆ ರಥವೂ ಇಲ್ಲ, ಗಾಲಿಯೂ ಇಲ್ಲ. ಅದೇ ವೇಷಧಾರಿ ಬಗ್ಗಿ, ಇಲ್ಲದ ಗಾಲಿಯನ್ನು ಹಿಡಿದು ಎತ್ತಿದರು. ಬರಲಿಲ್ಲ. ಮತ್ತೆ ಎತ್ತಿದರು. ಚೆಂಡೆ ನಿಂತಿತ್ತು; ಭಾಗವತರು, ಆಯಾಸದಿಂದಲೋ ವಿವೇಕದಿಂದಲೋ, ಸುಮ್ಮನಿದ್ದರು. ಏದುಸಿರು ಮಾತ್ರ ಕೇಳುತ್ತಿತ್ತು. ಮೂರನೆಯ ಸಲ ಅವರ ಕಾಲು ಜಾರಿತು, ಬೇಕೆಂದೋ ಅಲ್ಲವೋ ತಿಳಿಯಲಿಲ್ಲ. ಯಾರೂ ಚಪ್ಪಾಳೆ ತಟ್ಟಲಿಲ್ಲ. ರಾತ್ರಿಯಿಡೀ ಆಡಿದ ಮಾತುಗಳಲ್ಲಿ ಸಿಗದ ಕರ್ಣ ಆ ಏದುಸಿರಿನಲ್ಲಿ ಸಿಕ್ಕಿದ, ಮತ್ತು ನೋಡುವುದು ಹಿತವಾಗಿರಲಿಲ್ಲ.

ಬೆಳಕು ಹರಿದ ಮೇಲೆ ಚೌಕಿಗೆ ಹೋದೆ. ಅವರು ಮುಂಡಾಸು ಬಿಚ್ಚಿಟ್ಟು, ಅರ್ಧ ಬಣ್ಣ ಒರೆಸಿದ ಮುಖದಲ್ಲಿ ಕವಳ ಕಟ್ಟುತ್ತಿದ್ದರು. ಗಾಲಿಯ ಭಾಗವನ್ನು ಹೊಗಳಿದೆ. ಅವರು ಅದನ್ನು ಅಷ್ಟಾಗಿ ಗಮನಿಸಲಿಲ್ಲ. ‘ಕರ್ಣಭೇದನ ಹೇಗಾಯ್ತು, ಅದು ಹೇಳಿ’ ಎಂದರು. ಸ್ವಲ್ಪ ಸಿಹಿಯಾಯಿತು ಎಂದೆ. ‘ಹರಕೆ ಆಟ ಅಲ್ವಾ ಮಾಸ್ತರ್ರೇ, ಮಕ್ಕಳು ಮರಿ ಎಲ್ಲಾ ಬಂದಿರ್ತಾರೆ’ ಎಂದು ನಕ್ಕು ಎಲೆಗೆ ಸುಣ್ಣ ಸವರಿದರು. ಗಾಡಿಯ ಪಕ್ಕದಲ್ಲಿ ಖಾಲಿ ಚಿಪ್ಪಿನ ಚೀಲವೊಂದಿತ್ತು, ಸುಣ್ಣದವರು ಒಯ್ಯುತ್ತಾರೆಂದು ಆ ಹೆಂಗಸು ಹೇಳಿದ್ದಳು. ಅವರು ಒಂದು ಕವಳವನ್ನು ನನ್ನತ್ತಲೂ ಚಾಚಿದರು. ನಾಲಗೆ ಇನ್ನೂ ಉರಿಯುತ್ತಿತ್ತು. ತೆಗೆದುಕೊಂಡೆ.