ಮೊಸ್ಸೊ ಮಾಡಿಸಿದ ತಕ್ಕಡಿ

ಇಟಲಿಯ ತೂರಿನ್ ನಗರದ ಶರೀರವಿಜ್ಞಾನಿ ಆಂಜೆಲೊ ಮೊಸ್ಸೊ 1880ರ ದಶಕದಲ್ಲಿ ಮನುಷ್ಯನೇ ಮಲಗುವಂಥ ತಕ್ಕಡಿಯೊಂದನ್ನು ಮಾಡಿಸಿದರು. ಉದ್ದನೆಯ ಮರದ ಹಲಗೆ, ನಡುವೆ ಕತ್ತಿಯಂಚಿನಂಥ ಆಧಾರ. ಉಸಿರಾಟಕ್ಕೇ ಹಲಗೆ ಓಲಾಡುತ್ತದಲ್ಲ, ಅದನ್ನು ತಡೆಯಲೆಂದೇ ಬೇರೊಂದು ತೂಕ. ತಲೆ ಕಾಲು ಸಮತೂಗಿ ಹಲಗೆ ನಿಂತ ಮೇಲೆ ಮಲಗಿದವನಿಗೆ ಯೋಚನೆಯ ಕೆಲಸ ಕೊಡುತ್ತಿದ್ದರು. ಹಲಗೆ ಮೆಲ್ಲಗೆ ತಲೆಯ ಕಡೆ ವಾಲುತ್ತಿತ್ತು. ದುಡಿಯುವ ಅಂಗಕ್ಕೆ ರಕ್ತ ಹೆಚ್ಚು ಹರಿಯುತ್ತದೆ ಎಂಬುದನ್ನು ಮರದ ಹಲಗೆಯಲ್ಲಿ ಹಿಡಿಯಹೊರಟ ಆ ಧೈರ್ಯ ನನಗೆ ಬಲು ಇಷ್ಟ.

ತಲೆಬುರುಡೆ ಒಡೆದಿದ್ದ ಬೆರ್ತೀನೊ ಎಂಬ ರೈತನ ಮಿದುಳಿನ ಮಿಡಿತವನ್ನೂ ಅವರು ದಾಖಲಿಸಿದ್ದರು. ಮಧ್ಯಾಹ್ನದ ಚರ್ಚಿನ ಗಂಟೆ ಕೇಳಿದೊಡನೆ ಆ ಮಿಡಿತ ಏರಿತು, ಮುಂಗೈಯದು ಏರಲಿಲ್ಲ. ಎಂಥ ಸೂಕ್ಷ್ಮ ಗಮನ!

ತಕ್ಕಡಿ ವಾಲಿದ್ದಕ್ಕೆಲ್ಲ ಮಿದುಳಿನ ರಕ್ತವೇ ಕಾರಣ ಎನ್ನಲಾಗದು. ಇಡೀ ದೇಹದ ರಕ್ತವೂ ಅತ್ತಿತ್ತ ಸರಿಯುತ್ತದೆ. ಆದರೆ ಹಿಡಿದ ದಾರಿ ಸರಿಯಿತ್ತು. 1890ರಲ್ಲಿ ವಿಜ್ಞಾನಿಗಳಾದ ರಾಯ್ ಮತ್ತು ಶೆರಿಂಗ್ಟನ್, ಮಿದುಳು ದುಡಿದಾಗ ಹುಟ್ಟುವ ರಾಸಾಯನಿಕಗಳೇ ರಕ್ತನಾಳಗಳನ್ನು ಹಿಗ್ಗಿಸುತ್ತವೆ ಎಂದರು. ಇಂದಿನ ಫಂಕ್ಷನಲ್ ಎಂಆರ್‌ಐ ಹುಡುಕುವುದೂ ಆ ಹೆಚ್ಚುವರಿ ಹರಿವಿನ ಗುರುತನ್ನೇ, ಮಿಲಿಮೀಟರುಗಳ ಲೆಕ್ಕದಲ್ಲಿ.