ಆತ್ಮಕಥೆಯ ಲಂಡನ್ ಪುಟಗಳು

ಗಾಂಧೀಜಿಯವರ ಆತ್ಮಕಥೆಯಲ್ಲಿ ಲಂಡನ್ನಿನ ವಿಷಯವೆಂದೊಡನೆ ನಮ್ಮ ವಿದ್ಯಾರ್ಥಿಗಳಿಗೆ ನೆನಪಾಗುವುದು ಪಿಟೀಲು. 19 ಷಿಲಿಂಗಿನ ಟೋಪಿ, ಬಾಂಡ್ ಸ್ಟ್ರೀಟಿನಲ್ಲಿ ಹೊಲಿಸಿದ 10 ಪೌಂಡಿನ ಉಡುಪು, ಕನ್ನಡಿಯ ಮುಂದೆ ದಿನಕ್ಕೆ ಹತ್ತು ನಿಮಿಷ, ತಾಳಕ್ಕೆ ಹೆಜ್ಜೆ ಕೂಡದ ನೃತ್ಯಾಭ್ಯಾಸ. ಪಾಠ ಹೇಳುವಾಗ ತರಗತಿಯಲ್ಲಿ ನಗೆಯೇಳುವುದೂ ಇಲ್ಲಿಯೇ. ನಗುವುದು ತಪ್ಪಲ್ಲ, ಲೇಖಕರೇ ನಗಿಸಿದ್ದಾರೆ. ಆದರೆ ಪರದೇಶಕ್ಕೆ ಓದಲು ಹೋದವನ ಪಾಡೇನೆಂದು ತಿಳಿಯಬಯಸುವವರಿಗೆ ಇವು ಆ ಭಾಗದ ಉತ್ತಮ ಪುಟಗಳಲ್ಲವೆಂದು ನನ್ನ ಮತ.

ಮುಂಬಯಿಯಲ್ಲಿ ಹಡಗೇರಿದ್ದು 1888ರಲ್ಲಿ, 18 ವರ್ಷದ ಹುಡುಗ; ಕಥೆ ಹೇಳಲು ತೊಡಗಿದ್ದು 1925ರಲ್ಲಿ, ಮಹಾತ್ಮರು. ಎತ್ತರದಲ್ಲಿ ನಿಂತವರಿಗೆ ಕೆಳಗಿನ ಟೋಪಿ ಹಾಸ್ಯಾಸ್ಪದವಾಗಿ ಕಂಡರೆ ಆಶ್ಚರ್ಯವೇನು? ಇದೇ ಗಾಂಧಿಯವರು ಹಿಂದಿರುಗಿದ ಕೆಲವೇ ವರ್ಷಗಳಲ್ಲಿ ಲಂಡನ್ನಿಗೆ ಹೋಗುವ ವಿದ್ಯಾರ್ಥಿಗಳಿಗಾಗಿ ಒಂದು ಕೈಪಿಡಿ ಬರೆದಿದ್ದರು. ಅವರ ಜೀವಿತಕಾಲದಲ್ಲಿ ಅದು ಅಚ್ಚಾಗಲಿಲ್ಲ. ಅದರಲ್ಲಿ ಉಡುಪುಗಳ ಪಟ್ಟಿಯಿದೆ, ಬೆಲೆಯಿದೆ, ಪಶ್ಚಾತ್ತಾಪವಿಲ್ಲ.

ರಾತ್ರಿ ತಾಯಿಯನ್ನು ನೆನೆದು ಕಣ್ಣೀರಿಟ್ಟ ಪುಟ ಚಿಕ್ಕದಾದರೂ ಚೆನ್ನಾಗಿದೆ. ಇನ್ನೊಂದು ತುಂಡು ರೊಟ್ಟಿ ಕೇಳಲು ನಾಚಿ ಅರೆಹೊಟ್ಟೆಯಲ್ಲಿದ್ದವನು ಫ್ಯಾರಿಂಗ್ಡನ್ ಸ್ಟ್ರೀಟಿನ ಸಸ್ಯಾಹಾರಿ ಭೋಜನಾಲಯದಲ್ಲಿ ಹೊಟ್ಟೆ ತುಂಬ ಉಂಡದ್ದೂ, ಅಲ್ಲಿಯೇ ಒಂದು ಷಿಲಿಂಗಿಗೆ ಕೊಂಡ ಸಾಲ್ಟನ ಪುಸ್ತಕದಿಂದ ತಾಯಿಗೆ ಕೊಟ್ಟ ಮಾತು ತನ್ನದೇ ನಂಬಿಕೆಯಾದದ್ದೂ ಎಲ್ಲರೂ ಬಲ್ಲ ಸಂಗತಿ. ಇಂದಿನ ಹುಡುಗರು ವಿಮಾನವಿಳಿದ ರಾತ್ರಿಯೇ ದೂರವಾಣಿಯಲ್ಲಿ ತಾಯಿಯ ಮುಖ ನೋಡಬಲ್ಲರು. ಅನ್ನಸಾರೂ ಸಿಕ್ಕೀತು.

ನನ್ನನ್ನು ಮತ್ತೆ ಮತ್ತೆ ಸೆಳೆಯುವುದು ಸುಳ್ಳಿನ ಅಧ್ಯಾಯ. ಆ ಕಾಲದಲ್ಲಿ ಅಲ್ಲಿದ್ದ ನಮ್ಮ ತರುಣರು ಮದುವೆಯಾದುದನ್ನು ಮುಚ್ಚಿಡುತ್ತಿದ್ದರಂತೆ. ಬಾಲ್ಯವಿವಾಹ ಹೇಳಿಕೊಳ್ಳಲು ನಾಚಿಕೆ. ಹೇಳಿದರೆ ಬಿಡಾರದ ಮನೆಯ ಹೆಣ್ಣುಮಕ್ಕಳೊಡನೆ ಸಲಿಗೆಯಿಂದ ತಿರುಗಾಡುವಂತಿಲ್ಲ. ಗಾಂಧಿಯೂ ಮುಚ್ಚಿಟ್ಟರು. ಬ್ರೈಟನ್ನಿನ ಹೋಟೆಲಿನಲ್ಲಿ ಫ್ರೆಂಚ್ ಭಾಷೆಯ ತಿಂಡಿಪಟ್ಟಿ ಅರ್ಥವಾಗದೆ ಕುಳಿತಾಗ ನೆರವಾದ ವೃದ್ಧೆಯೊಬ್ಬಳು ಲಂಡನ್ನಿನಲ್ಲಿ ಭಾನುವಾರ ಭಾನುವಾರ ಊಟಕ್ಕೆ ಕರೆದಳು. ತರುಣಿಯೊಬ್ಬಳ ಪರಿಚಯ ಮಾಡಿಸಿ ಇಬ್ಬರನ್ನೇ ಮಾತಿಗೆ ಬಿಡತೊಡಗಿದಳು. ಕೊನೆಗೆ ಕಾಗದ ಹೋಯಿತು: ತನಗೆ ಬಾಲ್ಯದಲ್ಲೇ ಮದುವೆಯಾಗಿದೆ, ಒಬ್ಬ ಮಗನಿದ್ದಾನೆ. ಅವರು ನಕ್ಕು, ಮುಂದಿನ ಭಾನುವಾರ ಬಂದು ಆ ಮದುವೆಯ ಕಥೆ ಹೇಳೆಂದು ಬರೆದರು.

ಹೊಸ ನಾಡು ವಿದ್ಯಾರ್ಥಿಗೆ ಒಡ್ಡುವ ಆಮಿಷ ಟೋಪಿಯಲ್ಲ. ಊರಿನ ಕುರುಹಿಲ್ಲದ, ಹೆಂಡಿರು ಮಕ್ಕಳಿಲ್ಲದ ಬೇರೊಬ್ಬನಾಗಿಬಿಡುವ ಅವಕಾಶ. ಈ ಪ್ರಸಂಗದಲ್ಲಿ ಲೇಖಕರು ಅದನ್ನು ಮುಟ್ಟಿದ್ದಾರೆ, ಹಾಸ್ಯದ ಮರೆಯನ್ನೂ ಬಯಸಿಲ್ಲ.

ಆದರೂ ಒಂದು ಆಕ್ಷೇಪಣೆಯುಂಟು. ಸುಳ್ಳು ತನ್ನ ಸತ್ಯನಿಷ್ಠೆಗೆ ಕುಂದೆಂದು ಅವರು ನೊಂದರೇ ಹೊರತು, ಆ ಸುಳ್ಳಿನಿಂದ ಅಳಿಸಿಹೋದವಳು ಯಾರೆಂದು ಕೇಳಲಿಲ್ಲ. ಪ್ರಯಾಣದ ಹಣಕ್ಕೆ ಆಕೆಯ ಒಡವೆಗಳನ್ನು ಮಾರಬಹುದೇ ಎಂದು ಯೋಚಿಸಿದ್ದನ್ನು ಅವರೇ ಬರೆದಿದ್ದಾರೆ. 1891ರಲ್ಲಿ ಹಿಂದಿರುಗುವವರೆಗೆ ಕೈಕೂಸಿನೊಡನೆ ಕಾದ ಕಸ್ತೂರಬಾ ಲಂಡನ್ನಿನ ಈ ಅಧ್ಯಾಯಗಳಲ್ಲಿ ಮುಚ್ಚಿಟ್ಟ ಒಂದು ಸಂಗತಿಯಾಗಿ ಬರುತ್ತಾರೆ, ಮನುಷ್ಯರಾಗಿ ಬರುವುದಿಲ್ಲ.